ಮನೆದೇವರಿಗೆ ಒಂದು ರೂಪಾಯಿ ಮುಡಿಪು, ಫೋನ್ ಗುರೂಜಿಗೆ ಇಪ್ಪತ್ತೊಂದು ಸಾವಿರ

ಹಳ್ಳಿಯವರಿಗೆ ದೈವಭಕ್ತಿ ಜಾಸ್ತಿ ಅಂತ ಪೇಟೆಯವರು ಹೇಳುತ್ತಾರೆ. ಕೆಲವರು ಗೌರವದಿಂದ ಹೇಳುತ್ತಾರೆ, ಕೆಲವರು ಹಗುರವಾಗಿ ಹೇಳುತ್ತಾರೆ. ನನಗಂತೂ ಈಚೆಗೆ ಆ ಮಾತೇ ನಿಜವೋ ಸುಳ್ಳೋ ಅನ್ನುವ ಅನುಮಾನ ಬಂದಿದೆ. ಜಾತ್ರೆ ನಿಂತಿಲ್ಲ, ತೇರು ನಿಂತಿಲ್ಲ, ಊರೂರಲ್ಲಿ ಗುಡಿಗಳ ಜೀರ್ಣೋದ್ಧಾರವೂ ನಡೆಯುತ್ತಿದೆ. ಆದರೆ ನಿಜವಾದ ಕಷ್ಟ ಬಂದ ರಾತ್ರಿ ನಾವು ಯಾರನ್ನು ನೆನೆಯುತ್ತೇವೆ, ಯಾರಿಗೆ ದುಡ್ಡು ಕಳಿಸುತ್ತೇವೆ ಅಂತ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಮುಡಿಪು ಕಟ್ಟುವುದು ನಿಮಗೆಲ್ಲ ಗೊತ್ತು. ಮಗುವಿಗೆ ಜ್ವರ ಬಿಡುತ್ತಿಲ್ಲ, ಮೇಯಲು ಹೋದ ಹಸು ವಾಪಸ್ ಬಂದಿಲ್ಲ, ಮಗಳಿಗೆ ಸಂಬಂಧ ಕೂಡಿಬರುತ್ತಿಲ್ಲ ಅಂದರೆ ಮನೆಯ ಅಜ್ಜಿ ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಗೂಡಿನಲ್ಲಿ ಇಡುತ್ತಿದ್ದಳು. ಮಾದಪ್ಪನಿಗೋ, ಮಂಜುನಾಥನಿಗೋ, ಎಲ್ಲಮ್ಮನಿಗೋ, ತಿಮ್ಮಪ್ಪನಿಗೋ, ಅವರವರ ಮನೆದೇವರಿಗೆ. ಕೈಯಲ್ಲಿ ಬಸ್ ಚಾರ್ಜಿಗೆ ಕಾಸಾದ ವರ್ಷ ಅದನ್ನು ತೆಗೆದುಕೊಂಡು ಹೋಗಿ ಹುಂಡಿಗೆ ಹಾಕಿ ಬರುವುದು. ಎಷ್ಟೋ ಮನೆಗಳಲ್ಲಿ ಆ ಗಂಟು ಹತ್ತು ವರ್ಷ ಗೂಡಿನಲ್ಲೇ ಕೂತಿರುತ್ತಿತ್ತು. ದೇವರು ಗಡುವು ಕೊಡಲಿಲ್ಲ. ತಿಮ್ಮಪ್ಪ ಬಡ್ಡಿ ಸಮೇತ ವಸೂಲಿ ಮಾಡುತ್ತಾನೆ ಅಂತ ನಾವೇ ತಮಾಷೆ ಮಾಡುತ್ತೇವೆ ನಿಜ, ಆದರೆ ಅವನು ಕೂಡ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಹೆದರಿಸಿದ್ದನ್ನು ಯಾರೂ ಕೇಳಿಲ್ಲ.

ಇನ್ನೊಂದು ವಿಷಯ ಗಮನಿಸಿ. ಮುಡಿಪು ಕಟ್ಟಿದ್ದು ಮನೆಗೆಲ್ಲ ಗೊತ್ತಿರುತ್ತಿತ್ತು, ಪಕ್ಕದ ಮನೆಯವರಿಗೂ ಗೊತ್ತಿರುತ್ತಿತ್ತು. ಕಟ್ಟಿ ಇಟ್ಟ ಮೇಲೆ ಅಜ್ಜಿ ಸುಮ್ಮನೆ ಕೂರುತ್ತಿರಲಿಲ್ಲ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಡಾಕ್ಟರ ಹತ್ತಿರ ಹೋಗುತ್ತಿದ್ದಳು, ಹಸು ಹುಡುಕಲು ಮಗನನ್ನು ಕಳಿಸುತ್ತಿದ್ದಳು. ದೇವರ ಮೇಲೆ ಭಾರ ಹಾಕುವುದು ಅಂದರೆ ಅವಳಿಗೆ ಎದೆ ಹಗುರ ಮಾಡಿಕೊಂಡು ಮುಂದಿನ ಕೆಲಸ ಮಾಡುವುದು.

ಈಗ ಆ ಜಾಗಕ್ಕೆ ಬಂದವರನ್ನು ನೋಡಿ. ಬಸ್ಸಿನ ಸೀಟಿನ ಹಿಂದೆ, ಬಸ್ ನಿಲ್ದಾಣದ ಶೌಚಾಲಯದ ಗೋಡೆಯಲ್ಲಿ, ಫೋನಿನಲ್ಲಿ ವಿಡಿಯೊ ನೋಡುವಾಗ ನಡುವೆ. ಸಾಲಬಾಧೆ, ಸಂತಾನ, ಗಂಡ ಹೆಂಡತಿ ಕಲಹ, ಕೋರ್ಟ್ ಕೇಸ್, ವಿದೇಶ ಪ್ರಯಾಣ, ಸ್ತ್ರೀ ಪುರುಷ ವಶೀಕರಣ. ಕೆಲವೇ ಗಂಟೆಗಳಲ್ಲಿ ಪರಿಹಾರ, ಫೋನಿನಲ್ಲೇ ಪರಿಹಾರ. ಚಿತ್ರದಲ್ಲಿ ಒಬ್ಬ ಗುರೂಜಿ, ಅವರ ಹಿಂದೆ ಒಂದು ದೇವರ ಫೋಟೋ. ಆ ದೇವರನ್ನು ಕೇಳಿ ಫೋಟೋ ಹಾಕಿದ್ದಾರೋ ಇಲ್ಲವೋ!

ನಮ್ಮ ಕಡೆಯ ಒಬ್ಬ ತಾಯಿ ನಡೆದದ್ದನ್ನು ಹೇಳಿಕೊಂಡರು. ಹೆಸರು, ಊರು ಬೇಡ ಅಂದಿದ್ದಾರೆ. ಮಗ ಕುಡಿತಕ್ಕೆ ಬಿದ್ದಿದ್ದ. ಇವರು ವಿಡಿಯೊ ನೋಡಿ ಫೋನ್ ಮಾಡಿದರು. ಅತ್ತಲಿಂದ ಬಂದ ಧ್ವನಿ ಬಹಳ ಮೃದು. "ಅಮ್ಮಾ, ನಿಮ್ಮ ಮನೆಯಲ್ಲಿ ನೆಮ್ಮದಿ ಇಲ್ಲ ಅಲ್ವಾ? ದುಡಿದದ್ದು ಕೈಯಲ್ಲಿ ನಿಲ್ತಾ ಇಲ್ಲ ಅಲ್ವಾ? ಹತ್ತಿರದವರೇ ಒಬ್ಬರು ನಿಮ್ಮ ಮೇಲೆ ಕಣ್ಣು ಹಾಕಿದ್ದಾರೆ." ಇವರು ಬೆರಗಾದರು. ಹೇಳದೇ ಎಲ್ಲ ಗೊತ್ತಾಯಿತಲ್ಲ! ಯೋಚಿಸಿ, ನೆಮ್ಮದಿ ಇದ್ದವರು ಯಾರು ಗುರೂಜಿಗೆ ಫೋನ್ ಮಾಡುತ್ತಾರೆ? ದುಡಿದದ್ದು ಕೈಯಲ್ಲಿ ನಿಲ್ಲುವ ಮನೆ ನಮ್ಮೂರಲ್ಲಿ ಎಷ್ಟಿವೆ? ಹತ್ತಿರದವರ ಮೇಲೆ ಒಂದಿಷ್ಟು ಸಿಟ್ಟು ಇಲ್ಲದ ಮನೆ ಯಾವುದು?

ಮೊದಲು ಜಾತಕ ನೋಡಲು 1,100. ಅದಾಗಿ ಎರಡು ದಿನಕ್ಕೆ ದೋಷ ಅಂದುಕೊಂಡದ್ದಕ್ಕಿಂತ ಆಳವಾಗಿದೆ, ಹೋಮಕ್ಕೆ 5,100. ಆಮೇಲೆ ಮಾಟ ತೆಗೆಯಲು ಅಮಾವಾಸ್ಯೆ ರಾತ್ರಿ ಪೂಜೆ, ಸಾಮಗ್ರಿಗೇ 21,000. ಅಷ್ಟಿಲ್ಲ ಅಂದಾಗ ಮೃದು ಧ್ವನಿ ಗಡುಸಾಯಿತು. ಪೂಜೆ ಅರ್ಧಕ್ಕೆ ನಿಂತರೆ ಮಗನ ಪ್ರಾಣಕ್ಕೆ ಅಪಾಯ, ನಾನು ಜವಾಬ್ದಾರ ಅಲ್ಲ. ಯಾರಿಗೂ ಹೇಳಬೇಡಿ, ಹೇಳಿದರೆ ಶಕ್ತಿ ಹೋಗುತ್ತದೆ. ತಾಯಿ ಕಿವಿಯ ಓಲೆ ಅಡವಿಟ್ಟರು. ಗಂಡನಿಗೆ ಓಲೆ ಕಳೆದುಹೋಯಿತು ಅಂದರು. ಇದರ ನಡುವೆ ಹತ್ತಿರದವರು ಕಣ್ಣು ಹಾಕಿದ್ದಾರೆ ಅಂದ ಒಂದೇ ಮಾತಿಗೆ ಓರಗಿತ್ತಿಯ ಜೊತೆ ಮಾತು ಬಿಟ್ಟರು. ದುಡ್ಡು ಹೋದದ್ದು ಹೋಯಿತು, ಆ ಮಾತು ಮಾತ್ರ ಇನ್ನೂ ಸರಿಹೋಗಿಲ್ಲ. ಮಗ ಈಗಲೂ ಕುಡಿಯುತ್ತಾನೆ.

ಈ ತಾಯಿಯನ್ನು ಮೂಢರು ಅಂತ ನಗುವವರ ಜೊತೆ ನನಗೆ ಜಗಳ ಇದೆ. ಅವರು ಮೂಢರಲ್ಲ, ಹೆದರಿದವರು. ಊರಲ್ಲಿ ಕುಡಿತ ಬಿಡಿಸುವ ವ್ಯವಸ್ಥೆ ಎಲ್ಲಿದೆ ಅಂತ ಅವರಿಗೆ ಯಾರೂ ಹೇಳಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು ಅಂತ ಹೇಳಲಿಲ್ಲ. ಮಗ ಕುಡುಕ ಅಂತ ಆಡಿಕೊಳ್ಳುವ ಬಾಯಿಗಳು ಮಾತ್ರ ಬೇಕಾದಷ್ಟಿದ್ದವು. ಕೇಳಿಸಿಕೊಳ್ಳುವ ಒಂದು ಕಿವಿ ಸಿಕ್ಕಿತು, ಅದು ಕಳ್ಳನದಾಗಿತ್ತು.

ಹಾಗಾದರೆ ಇದು ದೇವರೋ, ದೇವರ ವೇಷದ ಇನ್ನೊಂದೋ ಅಂತ ತಿಳಿಯುವುದು ಹೇಗೆ? ನನಗೆ ಕಂಡದ್ದು ಇಷ್ಟು. ಊರ ಗುಡಿಯ ಪೂಜಾರಿ ನಮ್ಮ ನಡುವೆಯೇ ಇರುತ್ತಾನೆ. ಮಳೆ ಬರದಿದ್ದರೆ ಅವನ ಹೊಲವೂ ಒಣಗುತ್ತದೆ. ದೇವಿ ಬಲಗಡೆ ಹೂ ಕೊಟ್ಟಳು ಅಂತ ಹೇಳಿ ಕೆಲಸ ಕೆಟ್ಟರೆ ನಾಳೆ ಬೆಳಿಗ್ಗೆ ಅವನು ನಮ್ಮ ಮುಖ ನೋಡಬೇಕು. ಫೋನ್ ಗುರೂಜಿಗೆ ಆ ಕಷ್ಟ ಇಲ್ಲ. ಕೆಲಸ ಆದರೆ ಅವನ ಶಕ್ತಿ, ಆಗದಿದ್ದರೆ ನಿಮ್ಮ ಮಡಿಯಲ್ಲಿ ಲೋಪ, ನಿಮ್ಮ ನಂಬಿಕೆಯಲ್ಲಿ ಲೋಪ. ಯಾವತ್ತೂ ಸೋಲದ ಹಾಗೆ ಆಟ ಹೂಡಿದವನು ಕೂತಿದ್ದಾನೆ ಅಂದರೆ ಅಲ್ಲಿ ದೇವರಿಲ್ಲ, ಆಟ ಮಾತ್ರ ಇದೆ. ಹೆದರಿಸಿ, ಗಡುವು ಕೊಟ್ಟು, ಯಾರಿಗೂ ಹೇಳಬೇಡ ಅನ್ನುವವನು ಎಷ್ಟೇ ವಿಭೂತಿ ಬಳಿದುಕೊಂಡಿರಲಿ, ಯಾವ ಧರ್ಮದವನೇ ಆಗಿರಲಿ. ಈ ವ್ಯಾಪಾರ ಎಲ್ಲ ಧರ್ಮದಲ್ಲೂ ಇದೆ. ತಾಯಿತಕ್ಕೂ ರೇಟಿದೆ, ಮಂತ್ರಿಸಿದ ಎಣ್ಣೆ ಬಾಟಲಿಗೂ ರೇಟಿದೆ.

ಇದನ್ನು ನಾನು ಹೊಸದಾಗಿ ಕಂಡುಹಿಡಿದು ಹೇಳುತ್ತಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರು ಇದೇ ಜಗಳ ತೆಗೆದಿದ್ದರು. ಬಿಸಿ ತಾಗಿದರೆ ರೂಪ ಕೆಡುವ, ಕೈ ಬರಿದಾದಾಗ ಮಾರಿ ತಿನ್ನುವ, ಕಳ್ಳರು ಬಂದರೆ ನಾವೇ ಮಣ್ಣಲ್ಲಿ ಮುಚ್ಚಿಡಬೇಕಾದ ದೇವರು ನಮ್ಮನ್ನು ಹೇಗೆ ಕಾಯುತ್ತಾನೆ ಎಂಬುದು ಅವರ ಪ್ರಶ್ನೆಯ ತಿರುಳು. ಶರಣರು ಇಷ್ಟಲಿಂಗವನ್ನು ಅಂಗೈ ಮೇಲೆ ಇಟ್ಟರು. ಆಗ ಮಡಿವಾಳ, ಅಂಬಿಗ, ಸಮಗಾರ ಯಾರೇ ಆದರೂ ದೇವರನ್ನು ನೋಡಲು ಇನ್ನೊಬ್ಬರ ಬಾಗಿಲಲ್ಲಿ ಕಾಯಬೇಕಾಗಿರಲಿಲ್ಲ. ನಡುವೆ ದಲ್ಲಾಳಿ ಇಲ್ಲ, ಕಾಣಿಕೆ ಇಲ್ಲ. ಉಡುಪಿಯಲ್ಲಿ ಕನಕದಾಸರ ಕಥೆಯೂ ಅದೇ ತಾನೆ? ಮುಂಬಾಗಿಲಲ್ಲಿ ನಿಂತವರು ತಡೆದರು, ದೇವರೇ ತಿರುಗಿ ನಿಂತ ಅಂತ ಜನ ಇವತ್ತಿಗೂ ಕನಕನ ಕಿಂಡಿ ತೋರಿಸುತ್ತಾರೆ. ಶಿಶುನಾಳದ ಷರೀಫರು ಬ್ರಾಹ್ಮಣ ಗುರು ಗೋವಿಂದ ಭಟ್ಟರ ಶಿಷ್ಯರಾದರು. ಬೇರೆ ಬೇರೆ ದಾರಿಯವರು ಇವರು, ಪರಸ್ಪರ ಒಪ್ಪದ ಮಾತುಗಳೂ ಇದ್ದವು. ಆದರೆ ಭಕ್ತನಿಗೂ ದೇವರಿಗೂ ನಡುವೆ ಅಂಗಡಿ ಹಾಕುವವನನ್ನು ಇವರ್‍ಯಾರೂ ಸಹಿಸಲಿಲ್ಲ. ಎಂಟುನೂರು ವರ್ಷದ ಹಿಂದೆ ಎಬ್ಬಿಸಿದ ಆ ಅಂಗಡಿಯನ್ನು ನಾವು ಈಗ ಕರೆದು ತಂದು ಜೇಬಿನಲ್ಲಿ ಇಟ್ಟುಕೊಂಡಿದ್ದೇವೆ. ಜೇಬಲ್ಲಿ ಅಂದರೆ ಫೋನಲ್ಲಿ.

ಫೋನ್ ಒಂದೇ ಅಲ್ಲ. ನಿಧಿಯ ಹುಚ್ಚು ನೋಡಿ. ಊರಾಚೆ ಹಾಳುಬಿದ್ದ ಗುಡಿ ಇದ್ದರೆ ಅದರ ಲಿಂಗದ ಕೆಳಗೆ, ನಂದಿಯ ಹೊಟ್ಟೆಯಲ್ಲಿ ಚಿನ್ನ ಇದೆ ಅನ್ನುವ ಮಾತು ಹುಟ್ಟುತ್ತದೆ. ರಾತ್ರಿ ನಿಂಬೆಹಣ್ಣು, ಕುಂಕುಮ, ಕೋಳಿ ತೆಗೆದುಕೊಂಡು ಹೋಗಿ ಅಗೆಯುತ್ತಾರೆ. ಬೆಳಗಾದರೆ ನಂದಿ ಎರಡು ಹೋಳು.

2019ರ ಜುಲೈಯಲ್ಲಿ ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಹತ್ತಿರ ಆದದ್ದು ನೆನಪಿರಬಹುದು. ತುಂಗಭದ್ರೆಯ ನಡುಗಡ್ಡೆಯಲ್ಲಿ ನವವೃಂದಾವನ ಇದೆ, ಮಾಧ್ವ ಪರಂಪರೆಯ ಒಂಬತ್ತು ಯತಿಗಳ ವೃಂದಾವನಗಳು. ಅವುಗಳಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ರಾತ್ರೋರಾತ್ರಿ ಒಡೆದುಹಾಕಿದರು. ಪೊಲೀಸರು ಆರೋಪಿಗಳನ್ನು ಹಿಡಿದರು. ಭಕ್ತರು, ಮಠದವರು ಸೇರಿ ಕೆಲವೇ ದಿನಗಳಲ್ಲಿ ಕಲ್ಲುಗಳನ್ನು ಕೂಡಿಸಿ ಮತ್ತೆ ಕಟ್ಟಿದರು. ನನ್ನ ತಲೆಯಿಂದ ಹೋಗದಿರುವುದು ಬೇರೆ ವಿಷಯ. ವ್ಯಾಸರಾಜರು ಸನ್ಯಾಸಿಗಳು. ವಿಜಯನಗರದ ಅರಸರು ಗುರುವೆಂದು ನಡೆದುಕೊಂಡರೂ ಕಾವಿ ಬಿಡದವರು. ಅವರ ಶಿಷ್ಯರಾದ ಪುರಂದರದಾಸರು ಮೊದಲು ಚಿನ್ನ, ರತ್ನದ ವ್ಯಾಪಾರಿ. ನವಕೋಟಿ ನಾರಾಯಣ ಅನ್ನಿಸಿಕೊಂಡಿದ್ದವರು ಇದ್ದದ್ದೆಲ್ಲ ದಾನ ಮಾಡಿ ತಂಬೂರಿ ಹಿಡಿದು ಬೀದಿಗೆ ಬಂದರು ಅಂತ ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಶಿಷ್ಯನೇ ಚಿನ್ನವನ್ನು ಮಣ್ಣೆಂದು ಬಿಟ್ಟುಬಂದ ಗುರುವಿನ ಸಮಾಧಿಯಲ್ಲಿ ಚಿನ್ನ ಹುಡುಕಿದರು! ಆ ವೃಂದಾವನದ ಮುಂದೆ ನಿಂತು ಕೈಮುಗಿಯುವ ಬದಲು ಹಾರೆ ಎತ್ತಿದವನು ನಾಸ್ತಿಕ ಅಂತ ನನಗೆ ಅನ್ನಿಸುವುದಿಲ್ಲ. ಅವನಿಗೂ ಒಂದು ದೇವರಿತ್ತು. ಅದಕ್ಕೆ ಅವನು ವ್ಯಾಸರಾಜರನ್ನೇ ಬಲಿ ಕೊಡಲು ಹೋದ.

ಇನ್ನು ನಿಧಿ ಸಿಕ್ಕರೂ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ಅದಕ್ಕೆ ಕಾಯ್ದೆ ಇದೆ. ನಿಧಿ ನೆಲದಲ್ಲಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನಿಧಿ ತೆಗೆಸಿಕೊಡುತ್ತೇನೆ ಅಂತ ಮುಂಗಡ ಕೇಳುವವನಿಗೆ ನಿಜವಾಗಿ ನಿಧಿ ಎಲ್ಲಿದೆ ಅಂತ ಗೊತ್ತಿದ್ದರೆ ನಿಮ್ಮ ಮುಂಗಡ ಯಾಕೆ ಬೇಕಿತ್ತು? ಅವನ ನಿಧಿ ಇರುವುದು ನಿಮ್ಮ ಜೇಬಲ್ಲಿ.

ಬೋರ್‌ವೆಲ್ ಪಾಯಿಂಟ್ ಮಾಡುವವರ ಬಗ್ಗೆ ಬರೆದರೆ ನನ್ನ ಮನೆಯಲ್ಲೇ ಜಗಳ ಆಗುತ್ತದೆ, ಆದರೂ ಒಂದು ಮಾತು. ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತ ಕಡೆ ನೀರಿದೆ ಅನ್ನುತ್ತಾರೆ. ಅವರ ದುಡ್ಡು ಲಾರಿ ಬರುವ ಮೊದಲೇ ಕೊಟ್ಟು ಆಗಿರುತ್ತದೆ. ಆರುನೂರು ಅಡಿ ಹೋಗಿ ಬರೀ ಧೂಳು ಬಂದರೆ ಅದು ನಿಮ್ಮ ಹಣೆಬರಹ. ಗಂಗಮ್ಮನಿಗೆ ಪೂಜೆ ಮಾಡಿ, ಖಂಡಿತ ಮಾಡಿ. ಜೊತೆಗೆ ಒಬ್ಬ ಭೂವಿಜ್ಞಾನಿಯಿಂದ ಜಾಗ ಪರೀಕ್ಷೆ ಮಾಡಿಸಿ. ಅವರೂ ತಪ್ಪಬಹುದು. ಆದರೆ ತಪ್ಪಿದರೆ ನಿಮ್ಮ ಪಾಪ ಅನ್ನುವುದಿಲ್ಲ.

ನಮ್ಮ ವಯಸ್ಸಿನ ಹುಡುಗರಿಗೂ ಒಂದು ಮಾತು ಇದೆ. ಅಜ್ಜಿಯ ಮುಡಿಪು ನೋಡಿ ನಗುವ ನಾವು ಸಿನಿಮಾ ನಟರ ಕಟೌಟಿಗೆ ಹಾಲಿನ ಅಭಿಷೇಕ ಮಾಡುತ್ತೇವೆ. ಬೆಳಿಗ್ಗೆ ಐದಕ್ಕೆ ಎದ್ದು ಅಮ್ಮ ಕರೆದ ಹಾಲು ಅದು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿ ಗ್ರಾಮದಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟ್ ನಿಲ್ಲಿಸಲು ಹೋಗಿ ವಿದ್ಯುತ್ ತಂತಿ ತಗುಲಿ ಮೂವರು ಯುವಕರು ಸತ್ತರು. ಆ ನಟರು ಮನೆಗೆ ಬಂದು ಸಾಂತ್ವನ ಹೇಳಿದರು, ಹೀಗೆ ಅಭಿಮಾನ ತೋರಿಸಬೇಡಿ ಅಂದರು. ಒಂದು ಚಿತ್ರಕ್ಕೆ ಮೂರು ಜೀವ. ಹಳ್ಳಿಯ ಮಾರಮ್ಮನಿಗೆ ಕೋಳಿ ಕೊಯ್ದರೆ ಅನಾಗರಿಕತೆ ಅಂತ ಉದ್ದುದ್ದ ಸ್ಟೇಟಸ್ ಹಾಕುವ ಗೆಳೆಯರು ಆ ವಾರ ಸುಮ್ಮನಿದ್ದರು.

ಹಿರಿಯರು ಒಂದು ಪ್ರಶ್ನೆ ಕೇಳುತ್ತಾರೆ, ಅದರಲ್ಲಿ ನ್ಯಾಯವೂ ಇದೆ. "ನಮ್ಮ ಕಾಲದಲ್ಲೂ ಶಾಸ್ತ್ರ ಕೇಳ್ತಿದ್ವಿ, ಪಂಚಾಂಗ ನೋಡಿಸ್ತಿದ್ವಿ. ಅದೂ ತಪ್ಪಾ?" ಪಂಚಾಂಗ ನೋಡುವ ಅಯ್ಯನವರು ಮದುವೆಗೆ ದಿನ ಹೇಳಿ ಎಲೆ ಅಡಿಕೆ, ಸೇರು ಅಕ್ಕಿ, ತೆಂಗಿನಕಾಯಿ ತೆಗೆದುಕೊಂಡು ಹೋಗುತ್ತಿದ್ದರು. ಅವರ ಮಾತು ನಂಬಬೇಕೋ ಬೇಡವೋ ಅದು ನಿಮಗೆ ಬಿಟ್ಟದ್ದು. ಅವರಿಗಾಗಿ ಯಾರೂ ಹೊಲ ಅಡವಿಡಲಿಲ್ಲ. ಕಾನೂನು ಕೂಡ ಈ ವ್ಯತ್ಯಾಸ ಮಾಡುತ್ತದೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ನಮ್ಮ ರಾಜ್ಯದ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಪೂಜೆ, ಯಾತ್ರೆ, ಪ್ರದಕ್ಷಿಣೆ, ಹರಿಕಥೆ ಇವಕ್ಕೆಲ್ಲ ಅದು ಅಡ್ಡ ಬರುವುದಿಲ್ಲ, ಜ್ಯೋತಿಷ್ಯ, ವಾಸ್ತು ಸಲಹೆಯನ್ನೂ ನಿಷೇಧಿಸಿಲ್ಲ. ನಿಧಿಗಾಗಿ ವಾಮಾಚಾರ ಮಾಡುವುದು ಅಪರಾಧ. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ, ದಾರ ಕಟ್ಟುವುದೂ ಅಪರಾಧ.

ಹಾವಿನ ವಿಷಯದಲ್ಲಿ ತಡ ಮಾಡಿದರೆ ಜೀವವೇ ಹೋಗುತ್ತದೆ. 2024ರಲ್ಲಿ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ವಿಷಕ್ಕೆ ಇರುವ ಮದ್ದು ಆಸ್ಪತ್ರೆಯಲ್ಲಿ ಕೊಡುವ ಚುಚ್ಚುಮದ್ದು ಒಂದೇ. ನಾಗಪ್ಪನಿಗೆ ತನಿ ಎರೆಯುವವರು ಎರೆಯಿರಿ, ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತುಕೊಳ್ಳಿ. ಹೊತ್ತುಕೊಳ್ಳುವುದು ಆಂಬುಲೆನ್ಸಿನಲ್ಲಿ ಕೂತ ಮೇಲೆ. 108ಕ್ಕೆ ಫೋನ್ ಮಾಡಿದವನ ಭಕ್ತಿ ಕಡಿಮೆ ಅಂತ ಯಾವ ದೇವರೂ ಲೆಕ್ಕ ಬರೆಯುವುದಿಲ್ಲ.

ಫೋನ್ ಗುರೂಜಿಗೆ ಈಗಾಗಲೇ ದುಡ್ಡು ಕಳಿಸಿದವರು ಇದನ್ನು ಓದುತ್ತಿದ್ದರೆ, ಮೊದಲು ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಹೇಳಿದರೆ ಶಕ್ತಿ ಹೋಗುತ್ತದೆ ಅಂದದ್ದು ನಿಜವೇ, ಹೋಗುವುದು ಅವನ ಶಕ್ತಿ. ಆಮೇಲೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಕಳಿಸಿ ಎಷ್ಟು ಬೇಗ ಹೇಳುತ್ತೀರೋ ಅಷ್ಟು ಆ ದುಡ್ಡನ್ನು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೆಸೇಜು, ಆಡಿಯೊ, ಯುಪಿಐ ರಸೀದಿ ಯಾವುದನ್ನೂ ಅಳಿಸಬೇಡಿ. ಪೂಜೆಗೆ ಬೇಕು ಅಂತ ಮಗಳದೋ ಸೊಸೆಯದೋ ಫೋಟೋ ಕೇಳಿದರೆ ಕಳಿಸಲೇಬೇಡಿ. ಅದನ್ನೇ ಇಟ್ಟುಕೊಂಡು ಮುಂದೆ ಬೆದರಿಸುತ್ತಾರೆ. ಕಳಿಸಿ ಆಗಿದ್ದರೆ ನಾಚಿಕೆಪಡದೆ ಠಾಣೆಗೆ ಹೋಗಿ.

ಜಾತ್ರಾ ಕಮಿಟಿಯವರಿಗೆ ಒಂದು ವಿನಂತಿ. ಜಾತ್ರೆಯ ಮೈಕಿನಲ್ಲಿ ದಾನಿಗಳ ಹೆಸರು ಗಂಟೆಗಟ್ಟಲೆ ಓದುತ್ತೀರಿ. ನಡುವೆ ಎರಡು ನಿಮಿಷ ಬಿಡುವು ಮಾಡಿಕೊಂಡು ಈ 1930 ಮತ್ತು 108 ಎರಡನ್ನೂ ಹೇಳಿ. ಅವತ್ತು ಊರಿಗೆ ಊರೇ, ಬೀಗರು ನೆಂಟರು ಸಮೇತ, ಕಿವಿಗೊಟ್ಟು ನಿಂತಿರುತ್ತದೆ. ಇನ್ನೊಂದು, ಎರಡು ಊರುಗಳಲ್ಲಿ ನಾನು ಕಣ್ಣಾರೆ ನೋಡಿದ್ದು: ವಶೀಕರಣದ ಭಿತ್ತಿಪತ್ರ ಗ್ರಾಮದೇವತೆಯ ಗುಡಿಯ ಕಾಂಪೌಂಡಿಗೇ ಅಂಟಿಸಿತ್ತು, ಅಮ್ಮನವರ ಬೆನ್ನ ಹಿಂದೆ. ಈ ಸಲ ಸುಣ್ಣ ಹೊಡೆಸುವಾಗ ಅದನ್ನು ಮೊದಲು ಕೆರೆಸಿಬಿಡಿ.